ಕೀಲಿಮಣೆಯ ವೈಫಲ್ಯ ಮತ್ತು ಲ್ಯಾಪ್‌ಟಾಪಿನ ನಿಸ್ತಂತು ಸಂಪರ್ಕ

ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ನಡುವೆ ರೈಲುಮಾರ್ಗದಲ್ಲಿ ಸುಮಾರು 350 ಕಿಲೋಮೀಟರ್‌ಗಳ ಅಂತರವಿದೆ. ಕನ್ನಡದ ಅಧ್ಯಯನದಲ್ಲಿ ತೊಡಗಿದವರಿಗೆ ಈ ಹಾದಿ ಪರಕೀಯವಾದುದಲ್ಲ. ನಡುದಾರಿಯ ಏಲೂರಿನ ಸಮೀಪದಲ್ಲಿರುವ ಪೆದವೇಗಿಯೇ ಪ್ರಾಚೀನ ವೆಂಗಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಪಂಪನ ಪೂರ್ವಿಕನಾದ ಮಾಧವ ಸೋಮಯಾಜಿ ಆ ವೆಂಗಿಮಂಡಲದವನು. ವಿಶಾಖಪಟ್ಟಣದ ಮಗ್ಗುಲಿನ ಸಿಂಹಾಚಲದ ದೇವಾಲಯದಲ್ಲಿ ಕೃಷ್ಣದೇವರಾಯನ ಶಾಸನಗಳಿವೆ. 1926ರಲ್ಲಿ ವಿಜಯವಾಡದಲ್ಲಿ ಆರಂಭಗೊಂಡು ಅನಂತರ ವಿಶಾಖಪಟ್ಟಣದ ವಾಲ್ಟೇರಿಗೆ ಸ್ಥಳಾಂತರವಾದ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಸಿ. ಆರ್. ರೆಡ್ಡಿಯವರೂ, 1931ರಲ್ಲಿ ಆ ಸ್ಥಾನಕ್ಕೆ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ಅದಕ್ಕೆ ಮೊದಲು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. ಹೀಗಾಗಿ ಈ ಎರಡು ಊರುಗಳ ನಡುವೆ ಕ್ಷೇತ್ರಕಾರ್ಯಕ್ಕೆಂದು ಓಡಾಡುವ ಕನ್ನಡದ ಸಂಶೋಧಕರು ಅಪರೂಪವೇನಲ್ಲ. ಹಿಂದೆ ಅವರ ಚೀಲದಲ್ಲಿರುತ್ತಿದ್ದ ಟಿಪ್ಪಣಿ ಚೀಟಿಗಳ ಕಟ್ಟಿನ ಜಾಗವನ್ನು ಇಂದು ಲ್ಯಾಪ್‌ಟಾಪ್ ಆಕ್ರಮಿಸಿಕೊಂಡಿದೆ.

ಚೀಟಿಯ ಕಟ್ಟಿಗೆ ಇಲ್ಲದ ಒಂದು ದೌರ್ಬಲ್ಯ ಈ ಯಂತ್ರಕ್ಕಿದೆ. ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಸಿಂಹಾಚಲದಲ್ಲಿ ಹಲವು ದಿನ ನಿಂತು ಶಾಸನಗಳ ಛಾಯಾಚಿತ್ರಗಳನ್ನು ತೆಗೆದು, ಪಾಠಗಳನ್ನು ಓದಿ, ಅವೆಲ್ಲವನ್ನೂ ತನ್ನ ಲ್ಯಾಪ್‌ಟಾಪಿನಲ್ಲಿ ದಾಖಲಿಸಿಕೊಂಡಿದ್ದಾಳೆಂದು ಭಾವಿಸೋಣ. ರೈಲಿನಲ್ಲಿ ಬ್ಯಾಟರಿಯನ್ನು ಉಳಿಸುವ ಸಲುವಾಗಿ ನಿಸ್ತಂತು ಸಂಪರ್ಕವನ್ನು ಕೀಲಿಯೊಂದನ್ನು ಒತ್ತಿ ಆರಿಸಿದ್ದಳು. ಅಧ್ಯಾಯವನ್ನು ಮಾರ್ಗದರ್ಶಕರಿಗೆ ಕಳುಹಿಸಬೇಕಾದ ದಿನ ಬೆಳಿಗ್ಗೆ ಯಂತ್ರವನ್ನು ತೆರೆದರೆ ಕೀಲಿಮಣೆ ಸ್ಪಂದಿಸುವುದಿಲ್ಲ. ಸಂಪರ್ಕವನ್ನು ಆರಿಸಿದ ಕೀಲಿಯಿಂದಲೇ ಅದನ್ನು ಹೊತ್ತಿಸಬೇಕು, ಆ ಕೀಲಿಯೋ ಸತ್ತಿದೆ. ಇಲ್ಲಿ ಅಧ್ಯಾಯದ ಗಡುವು ಮೀರುವುದು ಸಣ್ಣ ಹಾನಿ. ಬೇರೆಲ್ಲೂ ಪ್ರತಿಯಿಲ್ಲದ ಶಾಸನಪಾಠಗಳು ಒಂದೇ ಯಂತ್ರದ ಹೊಟ್ಟೆಯಲ್ಲಿ ಸೆರೆಯಾಗಿ ಉಳಿಯುತ್ತವೆ. ಇಂದು ಕೀಲಿಮಣೆಯನ್ನು ಹಿಡಿದ ರೋಗ ನಾಳೆ ಯಂತ್ರವನ್ನೇ ಹಿಡಿಯದೆಂದು ಯಾರೂ ಭರವಸೆ ಕೊಡಲಾರರು.

ಇಂಥ ಸಂದರ್ಭದಲ್ಲಿ ಬಹುಮಂದಿ ತಳೆಯುವ ನಿರ್ಧಾರವೆಂದರೆ, ಕೀಲಿಮಣೆಯನ್ನು ಬದಲಿಸದೆ ಅಂತರಜಾಲ ದೊರೆಯದು ಎಂಬುದು. ಈ ನಿರ್ಧಾರ ತಪ್ಪು. ಆದರೆ ಅದು ಹುಟ್ಟುವ ಬಗೆ ಸಹಜವಾದುದು. ಕೀಲಿಯೇ ಸ್ವಿಚ್ಚು ಎಂಬ ಭಾವನೆ ಅದರ ಮೂಲದಲ್ಲಿದೆ. ಹಳೆಯ ರೇಡಿಯೋ ಪೆಟ್ಟಿಗೆಗಳ ಕಾಲದಲ್ಲಿ ಈ ಭಾವನೆ ಸರಿಯಾಗಿಯೇ ಇತ್ತು. 1935ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದಾಗಲೂ, 1948ರ ಡಿಸೆಂಬರಿನಲ್ಲಿ ವಿಜಯವಾಡದ ಬಾನುಲಿ ನಿಲಯ ತೆರೆದಾಗಲೂ, ಕೇಳುಗನು ಗುಂಡಿಯನ್ನು ತಿರುಗಿಸಿದರೆ ‘ಟಕ್’ ಎಂಬ ಸದ್ದಿನೊಡನೆ ವಿದ್ಯುತ್ತಿನ ದಾರಿಯೇ ತೆರೆಯುತ್ತಿತ್ತು. ಗುಂಡಿ ಮುರಿದರೆ ರೇಡಿಯೋ ಮೌನ. ಲ್ಯಾಪ್‌ಟಾಪಿನಲ್ಲಿ ಹಾಗಲ್ಲ. ಅಲ್ಲಿ ವಿಮಾನದ ಅಥವಾ ಗೋಪುರದ ಚಿತ್ರವಿರುವ ಕೀಲಿಯು ರೇಡಿಯೋವನ್ನು ತಾನೇ ಹೊತ್ತಿಸುವುದೂ ಇಲ್ಲ, ಆರಿಸುವುದೂ ಇಲ್ಲ; ಹಾಗೆ ಮಾಡಬೇಕೆಂದು ಒಳಗಿನ ಅಧಿಕಾರಿಯೊಬ್ಬನಿಗೆ ಅರ್ಜಿ ಸಲ್ಲಿಸುತ್ತದೆ. ಅರ್ಜಿದಾರ ಹಾಸಿಗೆ ಹಿಡಿದನೆಂದರೆ ಕಚೇರಿ ಮುಚ್ಚಿತೆಂದು ಅರ್ಥವಲ್ಲ. ಅದೇ ಅರ್ಜಿಯನ್ನು ಇನ್ನೊಬ್ಬನ ಕೈಯಲ್ಲಿ ಕಳುಹಿಸಬಹುದು. ಕೀಲಿಮಣೆ ಕೆಟ್ಟಾಗ ನಿಸ್ತಂತು ಸಂಪರ್ಕವನ್ನು ಪಡೆಯುವ ಉಪಾಯಗಳೆಲ್ಲವೂ ಈ ಒಂದು ಭೇದವನ್ನು ಅರಿಯುವುದರಲ್ಲಿ ಅಡಗಿವೆ.

ಕೀಲಿಮಣೆಯ ರಚನೆಯನ್ನು ಸ್ವಲ್ಪ ನೋಡಬೇಕು. ಕೀಲಿಗಳ ಅಡಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಅವುಗಳ ಮೇಲೆ ವಿದ್ಯುತ್ತು ಹರಿಯುವ ಗೆರೆಗಳನ್ನು ಅಡ್ಡಸಾಲು ಉದ್ದಸಾಲುಗಳಾಗಿ ಮುದ್ರಿಸಿರುತ್ತಾರೆ. ಕೀಲಿಯನ್ನು ಒತ್ತಿದಾಗ ಒಂದು ಅಡ್ಡಸಾಲೂ ಒಂದು ಉದ್ದಸಾಲೂ ಕೂಡುತ್ತವೆ. ಈ ಗೆರೆಗಳೆಲ್ಲ ಒಂದು ಚಪ್ಪಟೆ ಪಟ್ಟಿಯ ಮೂಲಕ ತಾಯಿಹಲಗೆಯನ್ನು ಸೇರುತ್ತವೆ. ಅಲ್ಲಿರುವ ಪುಟ್ಟ ನಿಯಂತ್ರಕವೊಂದು ಸಾಲುಗಳನ್ನು ಎಡೆಬಿಡದೆ ಪರೀಕ್ಷಿಸುತ್ತ, ಯಾವ ಕೀಲಿ ಒತ್ತಲ್ಪಟ್ಟಿತೆಂಬುದನ್ನು ನಿರ್ಣಯಿಸುತ್ತದೆ. ವಿಂಡೋಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳಿಗೆ ತಿಳಿಯುವುದು ಈ ನಿಯಂತ್ರಕ ಹೇಳಿದಷ್ಟು ಮಾತ್ರ. ಕೆಳಗಿನ ಎಡಮೂಲೆಯಲ್ಲಿ ಸಾಮಾನ್ಯವಾಗಿ ಕಾಣುವ ‘ಎಫ್ಎನ್’ ಎಂಬ ಕೀಲಿಯ ಸಂಗತಿಯಂತೂ ವಿಶೇಷವಾದುದು: ಬಹುತೇಕ ಯಂತ್ರಗಳಲ್ಲಿ ಅದರ ಒತ್ತು ನಿಯಂತ್ರಕದಲ್ಲಿಯೇ ಮುಗಿಯುತ್ತದೆ, ಮೇಲಿನ ವ್ಯವಸ್ಥೆಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಬರುವ ಒಂದು ಭ್ರಮೆಯ ನಿವಾರಣೆಗೆ ಇದು ಬೇಕಾಗುತ್ತದೆ.

ಸಾಲುಗಳ ಈ ಜೋಡಣೆಯಿಂದಾಗಿ ಕೀಲಿಮಣೆ ಇಡಿಯಾಗಿ ಸಾಯುವುದಕ್ಕಿಂತ ಗುಂಪುಗುಂಪಾಗಿ ಸಾಯುವುದೇ ಹೆಚ್ಚು. ಒಂದು ಗೆರೆ ತುಂಡಾದರೆ ಅದನ್ನು ಅವಲಂಬಿಸಿದ ಕೀಲಿಗಳೆಲ್ಲ ಒಟ್ಟಿಗೆ ಮೂಕವಾಗುತ್ತವೆ, ಉಳಿದವು ಮಾತನಾಡುತ್ತಿರುತ್ತವೆ. ಚೆಲ್ಲಿದ ಕಾಫಿ, ಧೂಳು, ಪಟ್ಟಿಯ ಸಡಿಲಿಕೆ ಇದಕ್ಕೆ ಸಾಮಾನ್ಯ ಕಾರಣಗಳು. ವಿಶಾಖಪಟ್ಟಣದಂಥ ಕಡಲತಡಿಯ ಊರಿನಲ್ಲಿ ಉಪ್ಪು ಬೆರೆತ ತೇವದ ಗಾಳಿಯನ್ನೂ ಸೇರಿಸಬೇಕು. ಲೋಹದ ಸಂಪರ್ಕಬಿಂದುಗಳು ಕಿಲುಬುಗಟ್ಟುವುದಕ್ಕೆ ಉಪ್ಪಿಗಿಂತ ಒಳ್ಳೆಯ ನೆರವು ಬೇರೊಂದಿಲ್ಲ. ಆದುದರಿಂದ ಮೊದಲು ಮಾಡಬೇಕಾದುದು ಯಾವ ಕೀಲಿಗಳು ಜೀವಂತವಾಗಿವೆ ಎಂಬ ಪರೀಕ್ಷೆ. ಸತ್ತ ಕೀಲಿಗಿಂತಲೂ ಕೆಳಗೆ ಸಿಕ್ಕಿಕೊಂಡು ಮೇಲೇಳದ ಕೀಲಿ ಹೆಚ್ಚು ಉಪದ್ರವಕಾರಿ. ಗುಪ್ತಪದದ ಚೌಕದಲ್ಲಿ ತಾನಾಗಿ ಚುಕ್ಕೆಗಳು ಸಾಲುಗಟ್ಟುತ್ತಿದ್ದರೆ ಅಂಥ ಕೀಲಿಯೊಂದು ಇದೆಯೆಂದು ತಿಳಿಯಬಹುದು. ಅದನ್ನು ಎಬ್ಬಿಸದೆ ಮುಂದಿನ ಯಾವ ಉಪಾಯವೂ ಸರಾಗವಾಗಿ ಸಾಗುವುದಿಲ್ಲ.

ಇನ್ನು ನಿಸ್ತಂತು ರೇಡಿಯೋದ ಮುಂದಿರುವ ಬಾಗಿಲುಗಳ ವಿಚಾರ. ಇವು ಮೂರು. ಮೊದಲನೆಯದು ಕೆಲವು ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿರುವ ಜಾರುಗುಂಡಿ. ಕೀಲಿಮಣೆಗೂ ಇದಕ್ಕೂ ಸಂಬಂಧವಿಲ್ಲ. ಚೀಲದಿಂದ ಹೊರತೆಗೆಯುವಾಗ ಇದು ತಾನಾಗಿ ಜಾರಿ, ದೋಷವನ್ನು ಕೀಲಿಮಣೆಯ ತಲೆಗೆ ಕಟ್ಟಿದ ಪ್ರಸಂಗಗಳುಂಟು. ಆದ್ದರಿಂದ ಯಂತ್ರದ ನಾಲ್ಕು ಅಂಚುಗಳನ್ನೂ ಬೆರಳಾಡಿಸಿ ನೋಡುವುದು ವಿಹಿತ. ಎರಡನೆಯದು ನಿಯಂತ್ರಕವು ‘ಎಫ್ಎನ್’ ಜೋಡಿಕೀಲಿಯ ಆದೇಶದಂತೆ ಹಾಕುವ ಬೀಗ. ಮೂರನೆಯದು ಕಾರ್ಯಾಚರಣ ವ್ಯವಸ್ಥೆಯೇ ಹಾಕುವ ಬೀಗ. ತೆರೆಯ ಮೇಲೆ ‘ಏರ್‌ಪ್ಲೇನ್ ಮೋಡ್’ ಎಂದು ಕಾಣಿಸಿಕೊಳ್ಳುವುದು ಇದೇ. ಲಿನಕ್ಸ್ ಬಳಸುವವರು ಮೊದಲೆರಡನ್ನು ‘ಹಾರ್ಡ್’ ತಡೆಯೆಂದೂ ಮೂರನೆಯದನ್ನು ‘ಸಾಫ್ಟ್’ ತಡೆಯೆಂದೂ ವಿಂಗಡಿಸುತ್ತಾರೆ. ‘ಆರ್‌ಎಫ್‌ಕಿಲ್’ ಎಂಬ ಆದೇಶ ಯಾವುದು ಬಿದ್ದಿದೆಯೆಂಬುದನ್ನು ಒಂದೇ ನೋಟಕ್ಕೆ ತೋರಿಸುತ್ತದೆ. ಸಮಾಧಾನದ ಸಂಗತಿಯೆಂದರೆ, ಈಚಿನ ವರ್ಷಗಳ ಯಂತ್ರಗಳಲ್ಲಿ ವಿಮಾನದ ಚಿತ್ರವಿರುವ ಕೀಲಿಯು ಬಹುಮಟ್ಟಿಗೆ ಮೂರನೆಯ ಬೀಗವನ್ನೇ ಹಾಕಿ ತೆಗೆಯುತ್ತದೆ. ಆ ಬೀಗಕ್ಕೆ ಮೌಸೂ ಕೈಹಾಕಬಲ್ಲದು.

ಮೌಸಿನ ಹಾದಿ ಹೀಗಿದೆ. ವಿಂಡೋಸ್ 10 ಮತ್ತು 11ರಲ್ಲಿ ತೆರೆಯ ಕೆಳಗಿನ ಬಲಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಸಂಪರ್ಕವಿಲ್ಲದಾಗ ಗೋಳದ ಅಥವಾ ವಿಮಾನದ ಚಿಹ್ನೆಯಿರುತ್ತದೆ. ಅದನ್ನು ಕ್ಲಿಕ್ ಮಾಡಿದರೆ ಪುಟ್ಟ ಫಲಕವೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ‘ಏರ್‌ಪ್ಲೇನ್ ಮೋಡ್’ ಬಣ್ಣಗೂಡಿದ್ದರೆ ಒಮ್ಮೆ ಕ್ಲಿಕ್ ಮಾಡಿ ಆರಿಸಬೇಕು, ‘ವೈಫೈ’ಯನ್ನು ಹೊತ್ತಿಸಬೇಕು. ಲ್ಯಾಪ್‌ಟಾಪಿನ ಸ್ಪರ್ಶಫಲಕ ಸಾಮಾನ್ಯವಾಗಿ ಬೇರೆಯೇ ಪಟ್ಟಿಯಿಂದ ತಾಯಿಹಲಗೆಗೆ ಸೇರಿರುವುದರಿಂದ ಕೀಲಿಮಣೆ ಕೆಟ್ಟರೂ ಅದು ಉಳಿದಿರುತ್ತದೆ. ಅದೂ ಕೆಟ್ಟಿದ್ದರೆ ಯುಎಸ್‌ಬಿ ಮೌಸ್ ಒಂದನ್ನು ಸಿಕ್ಕಿಸಿದರಾಯಿತು. ಆಪಲ್ ಯಂತ್ರಗಳಲ್ಲಿ ಈ ತೊಡಕೇ ಇಲ್ಲ. ಅವುಗಳ ಕೀಲಿಮಣೆಯಲ್ಲಿ ವೈಫೈಗೆಂದು ಕೀಲಿಯಿಲ್ಲ, ಎಲ್ಲವೂ ತೆರೆಯ ಮೇಲಂಚಿನ ಪಟ್ಟಿಯಿಂದಲೇ ನಡೆಯುತ್ತದೆ. ತಯಾರಕರ ಬೆಂಬಲ 2020ರ ಜನವರಿಯಲ್ಲಿಯೇ ನಿಂತುಹೋದ ವಿಂಡೋಸ್ 7 ಇನ್ನೂ ಉಳಿದಿರುವ ಯಂತ್ರವಾದರೆ, ಕಂಟ್ರೋಲ್ ಪ್ಯಾನೆಲ್ಲಿನ ‘ಮೊಬಿಲಿಟಿ ಸೆಂಟರ್’ನಲ್ಲಿ ನಿಸ್ತಂತುವಿಗೆ ಗುಂಡಿಯೊಂದು ದೊರೆಯಬಹುದು.

ಈ ಫಲಕವು ರೋಗನಿದಾನಕ್ಕೂ ಸಹಾಯಕ. ವೈಫೈ ಗುಂಡಿ ಕ್ಲಿಕ್ಕಿಗೆ ಓಗೊಟ್ಟು ಹೊತ್ತಿಕೊಂಡರೆ ಬಿದ್ದಿದ್ದುದು ಮೂರನೆಯ ಬೀಗವೆಂದಾಯಿತು. ಕ್ಲಿಕ್ ಮಾಡಿದರೂ ಹೊತ್ತದಿದ್ದರೆ ಮೊದಲನೆಯದೋ ಎರಡನೆಯದೋ ಬಿದ್ದಿದೆಯೆಂದು ಶಂಕಿಸಬೇಕು. ಗುಂಡಿಯೇ ಕಾಣದಿದ್ದರೆ ಸಂಗತಿ ಬೇರೆ: ವ್ಯವಸ್ಥೆಯು ರೇಡಿಯೋವನ್ನು ತನ್ನ ಪಟ್ಟಿಯಿಂದಲೇ ಬಿಟ್ಟಿರಬಹುದು. ಆಗ ‘ಸ್ಟಾರ್ಟ್’ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಬರುವ ಪಟ್ಟಿಯಲ್ಲಿ ‘ಡಿವೈಸ್ ಮ್ಯಾನೇಜರ್’ ಅನ್ನು ತೆರೆದು, ‘ನೆಟ್‌ವರ್ಕ್ ಅಡಾಪ್ಟರ್ಸ್’ ಎಂಬಲ್ಲಿ ನೋಡಬೇಕು. ನಿಸ್ತಂತು ಸಾಧನದ ಹೆಸರಿನ ಪಕ್ಕದಲ್ಲಿ ಕೆಳಮುಖದ ಬಾಣವಿದ್ದರೆ ಅದನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ. ಬಲಗುಂಡಿಯಿಂದಲೇ ಅದನ್ನು ಮರಳಿ ಸಕ್ರಿಯಗೊಳಿಸಬಹುದು. ಇಷ್ಟರಲ್ಲಿ ಎಲ್ಲಿಯೂ ಒಂದಕ್ಷರವನ್ನು ಟೈಪು ಮಾಡಬೇಕಾಗಿ ಬರಲಿಲ್ಲ ಎಂಬುದು ಗಮನಾರ್ಹ.

ಆದರೆ ಇವೆಲ್ಲವೂ ಯಂತ್ರದೊಳಕ್ಕೆ ಪ್ರವೇಶ ದೊರೆತ ಮೇಲಿನ ಮಾತು. ಗುಪ್ತಪದವೇ ಹೆಬ್ಬಾಗಿಲಿನಲ್ಲಿ ತಡೆದರೆ? ಪ್ರವೇಶದ ತೆರೆಯ ಕೆಳಗಿನ ಬಲಮೂಲೆಯಲ್ಲಿ, ಅಂಗವಿಕಲರ ಅನುಕೂಲಕ್ಕೆಂದು ಇಟ್ಟ ಚಿಹ್ನೆಯೊಂದಿರುತ್ತದೆ. ಅದರೊಳಗಿನ ‘ಆನ್-ಸ್ಕ್ರೀನ್ ಕೀಬೋರ್ಡ್’ ಎಂಬುದನ್ನು ತೆರೆದರೆ ಕೀಲಿಮಣೆಯ ಚಿತ್ರ ತೆರೆಯ ಮೇಲೆ ಮೂಡುತ್ತದೆ. ಮೌಸಿನಿಂದ ಒಂದೊಂದೇ ಅಕ್ಷರವನ್ನು ಕ್ಲಿಕ್ ಮಾಡಿ ಗುಪ್ತಪದವನ್ನು ಬರೆಯಬಹುದು. ಕೈಬೆರಳುಗಳ ಚಲನೆ ಕಷ್ಟವಾದವರಿಗಾಗಿ ರೂಪುಗೊಂಡ ಸೌಲಭ್ಯವೊಂದು ಹೀಗೆ ಎಲ್ಲರ ಆಪತ್ತಿಗೂ ಒದಗಿಬರುತ್ತದೆ. ನಿಲ್ದಾಣದಂಥ ಜನಸಂದಣಿಯ ಸ್ಥಳದಲ್ಲಿ ಮಾತ್ರ ಇದನ್ನು ಎಚ್ಚರದಿಂದ ಬಳಸಬೇಕು, ಏಕೆಂದರೆ ಪಕ್ಕದಲ್ಲಿ ನಿಂತವನು ಗುಪ್ತಪದವನ್ನು ಸಾವಧಾನವಾಗಿ ಓದಿಕೊಳ್ಳಬಲ್ಲನು.

ಇಲ್ಲಿಯೇ ಹಿಂದೆ ಸೂಚಿಸಿದ ಭ್ರಮೆ ತಲೆದೋರುವುದು. ತೆರೆಯ ಮೇಲಿನ ಈ ಕೀಲಿಮಣೆಯಲ್ಲಿಯೂ ‘ಎಫ್ಎನ್’ ಎಂಬ ಕೀಲಿಯೊಂದಿದೆ. ಅದನ್ನು ಒತ್ತಿ, ಲ್ಯಾಪ್‌ಟಾಪಿನಲ್ಲಿ ವಿಮಾನದ ಚಿತ್ರವಿದ್ದ ಎಫ್2 ಅಥವಾ ಎಫ್12 ಕೀಲಿಯನ್ನು ಒತ್ತಿದರೆ ರೇಡಿಯೋ ಹೊತ್ತೀತೆಂದು ಆಸೆಪಡುವುದು ಸಹಜ. ಹೊತ್ತುವುದಿಲ್ಲ. ವಿಂಡೋಸಿನ ಈ ಚಿತ್ರಕೀಲಿಯ ಕೆಲಸ ಅಂಕೆಗಳ ಸಾಲಿನ ಜಾಗದಲ್ಲಿ ಎಫ್1ರಿಂದ ಎಫ್12ರವರೆಗಿನ ಕೀಲಿಗಳನ್ನು ತೋರಿಸುವುದಷ್ಟೆ. ನಿಜವಾದ ‘ಎಫ್ಎನ್’ ನಿಯಂತ್ರಕದ ಸೊತ್ತು. ತೆರೆಯ ಮೇಲಿನದು ವಿಂಡೋಸಿನ ಸೃಷ್ಟಿ. ಮೇಲಿನವನ ಕೂಗು ಕೆಳಗಿನವನಿಗೆ ಕೇಳಿಸದು. ಹೊರಗಿನಿಂದ ತಂದ ಕೀಲಿಮಣೆಯ ‘ಎಫ್ಎನ್’ಗೂ ಇದೇ ಮಾತು ಅನ್ವಯಿಸುತ್ತದೆ, ಅದು ಆ ಕೀಲಿಮಣೆಯ ಮನೆಯೊಳಗಿನ ವ್ಯವಹಾರ. ಹೆಸರು ಒಂದಾದ ಮಾತ್ರಕ್ಕೆ ಪದಾರ್ಥ ಒಂದಾಗಬೇಕಿಲ್ಲ ಎಂಬುದು ನಿಘಂಟುಕಾರರಿಗೆ ಹೊಸ ವಿಷಯವೇನೂ ಅಲ್ಲ.

ಕನ್ನಡದಲ್ಲಿ ಕೆಲಸಮಾಡುವವರಿಗೆ ತೆರೆಯ ಮೇಲಿನ ಕೀಲಿಮಣೆಯಿಂದ ಇನ್ನೊಂದು ಲಾಭವುಂಟು. 2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯಿಂದ ಮೊದಲ್ಗೊಂಡು ಆ ವ್ಯವಸ್ಥೆಯೊಳಗೇ ಕನ್ನಡದ ಕೀಲಿವಿನ್ಯಾಸವಿದೆ. ಅದು 1991ರ ಭಾರತೀಯ ಮಾನಕದಲ್ಲಿ ನಿರೂಪಿತವಾದ ‘ಇನ್‌ಸ್ಕ್ರಿಪ್ಟ್’ ಕ್ರಮವನ್ನು ಅನುಸರಿಸಿದುದು. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ಯ ಮೂಲಕ ಕರ್ನಾಟಕದಲ್ಲಿ ಬಳಕೆಗೊಂಡ ವಿನ್ಯಾಸಕ್ಕೆ ಒಗ್ಗಿದ ಕೈಗೆ ಅದು ಅಪರಿಚಿತವೆನಿಸುತ್ತದೆ. ಆದರೆ ತೆರೆಯ ಮೇಲಿನ ಕೀಲಿಮಣೆಯು ಆಗ ಯಾವ ವಿನ್ಯಾಸ ಚಾಲನೆಯಲ್ಲಿದೆಯೋ ಅದರ ಅಕ್ಷರಗಳನ್ನೇ ಕೀಲಿಗಳ ಮೇಲೆ ಬರೆದು ತೋರಿಸುವುದರಿಂದ ಬಾಯಿಪಾಠದ ಅಗತ್ಯವಿಲ್ಲ. ಗುಪ್ತಪದ ಏಕೆ ಒಪ್ಪಿತವಾಗುತ್ತಿಲ್ಲವೆಂದು ತಲೆಕೆಡಿಸಿಕೊಂಡವರು, ಕೀಲಿಗಳ ಮೇಲೆ ಕನ್ನಡದ ಅಕ್ಷರಗಳು ಕಂಡಾಗ ಕಾರಣವನ್ನು ತಟ್ಟನೆ ಗ್ರಹಿಸುತ್ತಾರೆ. ಭಾಷಾಸೂಚಿಯನ್ನು ಕ್ಲಿಕ್ ಮಾಡಿ ಇಂಗ್ಲಿಷಿಗೆ ಬದಲಿಸಿಕೊಂಡರೆ ಸಾಕು. ವೈಫೈ ಜಾಲದ ಗುಪ್ತಪದವಂತೂ 8ರಿಂದ 63 ಚಿಹ್ನೆಗಳವರೆಗಿನ ರೋಮನ್ ಅಕ್ಷರ, ಅಂಕೆ, ವಿರಾಮಚಿಹ್ನೆಗಳಿಂದಲೇ ಆಗಿರಬೇಕೆಂಬ ನಿಯಮಕ್ಕೆ ಒಳಪಟ್ಟದ್ದು. ಕನ್ನಡದ ಕಾಗುಣಿತಕ್ಕೆ ಅಲ್ಲಿ ಪ್ರವೇಶವಿಲ್ಲ. ಜಗತ್ತಿನ ಬಹುಪಾಲು ಲಿಪಿಗಳಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತ ಮೇಲೂ ಈ ಹೊಸ್ತಿಲು ಹಾಗೆಯೇ ಉಳಿದಿರುವುದು ವಿಷಾದನೀಯ.

ದೀರ್ಘವಾದ ಬರವಣಿಗೆಗೆ ಮೌಸಿನ ಕ್ಲಿಕ್ಕುಗಳು ಸಾಲವು. ಆಗ ಹೊರಗಿನ ಕೀಲಿಮಣೆಯನ್ನೇ ತರಬೇಕು. ತಂತಿಯುಳ್ಳ ಯುಎಸ್‌ಬಿ ಕೀಲಿಮಣೆಯೇ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದುದು. ಸಿಕ್ಕಿಸಿದ ಕೆಲವೇ ಕ್ಷಣಗಳಲ್ಲಿ ಅದು ಕೆಲಸಕ್ಕೆ ಸಿದ್ಧ. ಯಂತ್ರ ಚಾಲನೆಗೊಳ್ಳುವ ಆರಂಭದ ‘ಬಯೋಸ್’ ಹಂತದಲ್ಲಿಯೂ ಅದು ಸಾಮಾನ್ಯವಾಗಿ ನಡೆಯುತ್ತದೆ. ಬ್ಲೂಟೂತ್ ಕೀಲಿಮಣೆಯನ್ನು ತರುವುದು ಮಾತ್ರ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತೆ: ಬ್ಲೂಟೂತೂ ಒಂದು ರೇಡಿಯೋ, ಏರ್‌ಪ್ಲೇನ್ ಮೋಡು ವೈಫೈಯ ಜೊತೆಗೆ ಅದನ್ನೂ ಆರಿಸಿರುವುದು ಸಂಭವ. ಬೆರಳುಗುರಿನಷ್ಟು ಗಾತ್ರದ ಗ್ರಾಹಕವನ್ನು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಜಾತಿಯ ನಿಸ್ತಂತು ಕೀಲಿಮಣೆಗೆ ಈ ಬಾಧೆ ಇಲ್ಲ, ಏಕೆಂದರೆ ಅದು ತನ್ನ ರೇಡಿಯೋವನ್ನು ತಾನೇ ಹೊತ್ತು ತಂದಿರುತ್ತದೆ.

ಎರಡನೆಯ ಬೀಗವೇ ನಿಜವಾಗಿ ಬಿದ್ದಿದ್ದರೆ ಮೊದಲು ಪ್ರಯತ್ನಿಸಬೇಕಾದುದು ನಿಯಂತ್ರಕಕ್ಕೆ ಮರೆವು ತರಿಸುವ ಉಪಾಯ. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ವಿದ್ಯುತ್ತಿನ ತಂತಿಯನ್ನು ಕಿತ್ತು, ಬ್ಯಾಟರಿಯನ್ನು ಕಳಚಲು ಬರುವಂತಿದ್ದರೆ ಕಳಚಿ, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡು ಅದುಮಿ ಹಿಡಿಯಬೇಕು. ಅನೇಕ ಯಂತ್ರಗಳಲ್ಲಿ ನಿಯಂತ್ರಕವು ಇದರಿಂದ ಹಳೆಯ ಆದೇಶವನ್ನು ಮರೆತು ಹೊಸದಾಗಿ ಎಚ್ಚರಗೊಳ್ಳುತ್ತದೆ. ಅದೂ ಫಲಿಸದಿದ್ದರೆ ಯುಎಸ್‌ಬಿ ಕೀಲಿಮಣೆಯ ನೆರವಿನಿಂದ ‘ಬಯೋಸ್’ ಒಳಹೊಕ್ಕು, ಅಲ್ಲಿ ನಿಸ್ತಂತುವಿನ ಆಯ್ಕೆಯಿದ್ದರೆ ತಿದ್ದಬಹುದು. ಇಷ್ಟು ಶ್ರಮಕ್ಕೆ ಕಾಲಾವಕಾಶವಿಲ್ಲದಾಗ ಬೀಗದ ಗೊಡವೆಯನ್ನೇ ಬಿಟ್ಟು ಪಕ್ಕದ ದಾರಿ ಹಿಡಿಯುವುದು ಜಾಣತನ. ಚಿಕ್ಕದಾದ ಯುಎಸ್‌ಬಿ ವೈಫೈ ಸಾಧನವನ್ನು ಸಿಕ್ಕಿಸಬಹುದು. ಒಳಗಿನ ರೇಡಿಯೋಗೆ ನಿಯಂತ್ರಕ ಹಾಕಿದ ಬೀಗ ಹೊರಗಿನ ಇದಕ್ಕೆ ಸಾಮಾನ್ಯವಾಗಿ ತಗಲುವುದಿಲ್ಲ. ಅದಕ್ಕಿಂತಲೂ ಸುಲಭವಾದುದು ಎಲ್ಲರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನು. ಅದನ್ನು ಚಾರ್ಜಿಂಗ್ ತಂತಿಯಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ಒತ್ತಿದರೆ ಫೋನಿನ ಅಂತರಜಾಲ ತಂತಿಯ ಮೂಲಕವೇ ಹರಿದುಬರುತ್ತದೆ. ತಂತಿಯೇ ಚಾರ್ಜಿಗೆ ಮಾತ್ರವೆಂದು ಮಾಡಿದ್ದಾದರೆ ಇದು ನಡೆಯದು. ಮಾಹಿತಿಯನ್ನೂ ಸಾಗಿಸುವ ತಂತಿ ಬೇಕು.

ಮೇಲೆ ಕಲ್ಪಿಸಿಕೊಂಡ ವಿದ್ಯಾರ್ಥಿನಿಯ ಹಾದಿಯಲ್ಲಿಯೇ ಎರಡು ಅನುಕೂಲಗಳಿವೆ. ದೇಶದ ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಮತ್ತು ಗೂಗಲ್ ಸಂಸ್ಥೆಗಳು ಜೊತೆಗೂಡಿ ಏರ್ಪಡಿಸಿದ ಉಚಿತ ವೈಫೈ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಲ್ಲಿ ಮೊದಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅದು ವಿಸ್ತರಿಸಿದ ಒಂಬತ್ತು ನಿಲ್ದಾಣಗಳಲ್ಲಿ ವಿಶಾಖಪಟ್ಟಣವೂ ವಿಜಯವಾಡವೂ ಸೇರಿದ್ದವು. ಗೂಗಲ್ 2020ರಲ್ಲಿ ಹಿಂದೆ ಸರಿಯಿತು. ರೈಲ್‌ಟೆಲ್ ಸೇವೆಯನ್ನು ಮುಂದುವರಿಸಿತು. ದಿನಕ್ಕೆ ಮೊದಲ 30 ನಿಮಿಷ ಉಚಿತ, ಅದಕ್ಕೂ ಮೀರಿದರೆ ಹಣ ಎಂಬ ಏರ್ಪಾಡು 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ಇಲ್ಲಿ ಗುಪ್ತಪದದ ಕಾಟವಿಲ್ಲ. ಜಾಲವನ್ನು ಆಯ್ದುಕೊಂಡ ಮೇಲೆ ತೆರೆಯುವ ಪುಟದಲ್ಲಿ ಹತ್ತು ಅಂಕೆಯ ಮೊಬೈಲ್ ಸಂಖ್ಯೆಯನ್ನೂ ಫೋನಿಗೆ ಬಂದ ಒಂದು ಸಲದ ಸಂಕೇತಸಂಖ್ಯೆಯನ್ನೂ ತುಂಬಿದರೆ ಮುಗಿಯಿತು. ತೆರೆಯ ಮೇಲಿನ ಕೀಲಿಮಣೆಯಲ್ಲಿ ಅಷ್ಟು ಅಂಕೆಗಳನ್ನು ಕ್ಲಿಕ್ ಮಾಡುವುದು ಎರಡು ನಿಮಿಷದ ಕೆಲಸ. ಛಾಯಾಚಿತ್ರಗಳ ಹೊರೆಯನ್ನು ಅರ್ಧ ಗಂಟೆಯಲ್ಲಿ ಸಾಗಿಸಲಾಗದೆ ಹೋಗಬಹುದು. ಆದುದರಿಂದ ಪಾಠಗಳಿರುವ ಕಡತವನ್ನು ಮೊದಲು ಕಳುಹಿಸಿ, ಚಿತ್ರಗಳನ್ನು ಮುಂದಿನ ಊರಿಗೆ ಉಳಿಸಿಕೊಳ್ಳುವುದು ಲೇಸು.

ಇಷ್ಟರ ಹಿಂದೆಯೇ, ಬೆಳಿಗ್ಗೆ ಕೀಲಿಮಣೆ ಮೂಕವಾಯಿತೆಂದು ತಿಳಿದ ಕ್ಷಣದಲ್ಲಿ, ಮಾಡಬೇಕಾದ ಕೆಲಸವೊಂದಿದೆ. ಜಾಲವನ್ನು ಅರಸುವ ಮೊದಲು ಪೆನ್‌ಡ್ರೈವ್ ಒಂದನ್ನು ಸಿಕ್ಕಿಸಿ, ಕಡತಗಳನ್ನು ಮೌಸಿನಿಂದ ಎಳೆದು ಅದರೊಳಗೆ ಹಾಕಿಡಬೇಕು. ಇದಕ್ಕೆ ರೇಡಿಯೋವೂ ಬೇಡ, ಕೀಲಿಯೂ ಬೇಡ.

ಸಂಪರ್ಕ ದೊರೆತ ಮೇಲೆ ಜಾಲದ ಹೆಸರಿನ ಪಕ್ಕದ ‘ತಾನಾಗಿ ಜೋಡಿಸು’ ಎಂಬರ್ಥದ ಚೌಕಕ್ಕೆ ಗುರುತು ಹಾಕಿದರೆ ಮುಂದಿನ ಸಲ ಏನನ್ನೂ ಒತ್ತಬೇಕಾಗುವುದಿಲ್ಲ. ಕೀಲಿಮಣೆಯ ದುರಸ್ತಿಯನ್ನು ಊರಿಗೆ ಮರಳಿದ ಮೇಲೆ ಮಾಡಿಸಬಹುದು: ಕೆಲವು ಮಾದರಿಗಳಲ್ಲಿ ಅದು ನಾಲ್ಕಾರು ತಿರುಪುಗಳ ಕೆಲಸ, ಕೀಲಿಮಣೆಯನ್ನು ಮೇಲ್ಕವಚಕ್ಕೆ ಪ್ಲಾಸ್ಟಿಕ್ಕಿನ ಮೊಳೆಗಳಿಂದ ಬೆಸೆದ ಮಾದರಿಗಳಲ್ಲಿ ಯಂತ್ರವನ್ನು ಪೂರ್ತಿ ಬಿಚ್ಚಬೇಕಾಗುತ್ತದೆ. ಅಲ್ಲಿಯವರೆಗೆ ಬ್ಯಾಟರಿಯ ಉಳಿತಾಯಕ್ಕೆಂದು ತೆರೆಯ ಬೆಳಕನ್ನು ತಗ್ಗಿಸಿಕೊಳ್ಳಬೇಕೇ ಹೊರತು ನಿಸ್ತಂತುವನ್ನು ಆರಿಸಬಾರದು.